ಪೋಲಂಡಿನ ಕಾರ್ಖಾನೆಗಳು ಮತ್ತು ನನ್ನ ನಾದಿನಿ

ನನ್ನ ನಾದಿನಿ ಚೊಚ್ಚಲ ಬಾಣಂತನಕ್ಕೆಂದು ಜತ್ತಿಗೆ ಬಂದಳು. ಬಂದ ದಿನ ಸಂಜೆಯೇ ನನ್ನ ಕೈಯಲ್ಲಿದ್ದ ಕಾರ್ಖಾನೆಗಳನ್ನೆಲ್ಲ ತಾನು ತೆಗೆದುಕೊಂಡಳು.

ಹೀಗೆ ಹೇಳಿದರೆ ನಮ್ಮ ಕಡೆಯ ಜನ ಸಕ್ಕರೆ ಕಾರ್ಖಾನೆ ಅಂತ ತಿಳಿಯುತ್ತಾರೆ. ನಮ್ಮ ಮನೆತನ ಅಷ್ಟು ದೊಡ್ಡದಲ್ಲ. ಬಜಾರದ ಹಿಂದಿನ ಓಣಿಯಲ್ಲಿ ಪೈಪು, ಪಂಪು, ಡ್ರಿಪ್ ಸಾಮಾನು ಮಾರುವ ಅಂಗಡಿ, ಅದರ ಮೇಲೆ ನಮ್ಮ ಮನೆ. ನಾನು ಹೇಳುವ ಕಾರ್ಖಾನೆಗಳು ಇದ್ದದ್ದು ಕಂಪ್ಯೂಟರಿನೊಳಗೆ, ಪೋಲಂಡ್ ದೇಶದಲ್ಲಿ.

ನಾನು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಅಸಂಗಿಯವಳು. ಅಲ್ಲಿಯ ಕನ್ನಡ ಶಾಲೆ ಮುಗಿಸಿ ಜತ್ತಿನ ಕಾಲೇಜಿನಲ್ಲಿ ಮರಾಠಿಯಲ್ಲಿ ಬಿ.ಎ. ಮಾಡಿದೆ, ಜತ್ತಿಗೇ ಸೊಸೆಯಾಗಿ ಬಂದೆ. ಬಂದ ಹೊಸತರಲ್ಲಿ ನನ್ನ ಗಂಡ ಅಂಗಡಿ ಮುಚ್ಚಿ ಮೇಲೆ ಬಂದವರೇ ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂಡುತ್ತಿದ್ದರು. ಹಿಂದಿನ ಶತಮಾನದ ಎರಡನೆಯ ಮಹಾಯುದ್ಧದ ಆಟ ಅದು. ಪರದೆಯ ತುಂಬ ಯುರೋಪಿನ ನಕಾಶೆ. ಒಂದು ದೇಶವನ್ನು ಆರಿಸಿಕೊಂಡು ಅದರ ಗಡಿ ಕಾಯಬೇಕು, ಸೈನ್ಯ ನಡೆಸಬೇಕು. ಆದರೆ ಸೈನ್ಯಕ್ಕೆ ಬಂದೂಕು ಆಕಾಶದಿಂದ ಉದುರುವುದಿಲ್ಲ. ದೇಶದ ಒಂದೊಂದು ಕಾರ್ಖಾನೆಗೂ ನೀನು ರೈಫಲ್ ಮಾಡು, ನೀನು ತೋಪು ಮಾಡು, ನೀನು ಟ್ರಕ್ಕು ಮಾಡು ಎಂದು ಆಡುವವರೇ ಹೇಳಬೇಕು. ಉಕ್ಕು ಎಲ್ಲಿಂದ, ರಬ್ಬರು ಎಲ್ಲಿಂದ ಎನ್ನುವುದನ್ನೂ ಅವರೇ ನೋಡಬೇಕು. ಎರಡು ಕಂಪ್ಯೂಟರುಗಳನ್ನು ಜೋಡಿಸಿದರೆ, ನಮ್ಮ ಕೋಣೆಯಲ್ಲಿ ಎರಡಿದ್ದವು, ಇಬ್ಬರು ಕೂಡಿ ಒಂದೇ ದೇಶವನ್ನು ನಡೆಸಬಹುದು. ಒಬ್ಬರಿಗೆ ರಣರಂಗ, ಇನ್ನೊಬ್ಬರಿಗೆ ಕಾರ್ಖಾನೆ.

ಒಂದು ಸಂಜೆ ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಇವರು ತಿರುಗಿ ನೋಡಿ, "ಸೈನ್ಯ ನಾ ನೋಡ್ತೀನಿ, ಕಾರಖಾನಿ ನೀ ನೋಡ. ನನಗ ಅದು ಭಾಳ ಬ್ಯಾಸರ. ಮೊದಲ ತಂಗಿ ನೋಡ್ತಿದ್ಲು" ಅಂದರು. ಕೊನೆಯ ಮಾತು ಆಗ ನನ್ನ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಹೊಸ ಮನೆಯಲ್ಲಿ ಗಂಡ ತನ್ನ ಪಕ್ಕದ ಕುರ್ಚಿ ತೋರಿಸಿ ಕೂಡು ಅಂದದ್ದಷ್ಟೇ ದೊಡ್ಡದಾಗಿತ್ತು.

ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಪರದೆಯ ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ. ಬರಬರುತ್ತ ಒಂದು ಸಂಗತಿ ಹಿಡಿತಕ್ಕೆ ಬಂತು, ಅಲ್ಲಿಂದ ನನಗೆ ಆ ಆಟದ ಹುಚ್ಚು ಹಿಡಿಯಿತು. ಒಂದು ಕಾರ್ಖಾನೆ ಒಂದೇ ವಸ್ತುವನ್ನು ಮಾಡುತ್ತ ಹೋದಷ್ಟೂ ಅದರ ಕೈ ಪಳಗುತ್ತದೆ. ಮೊದಲ ತಿಂಗಳು ತಡವರಿಸಿದ್ದು ಆರನೆಯ ತಿಂಗಳಿಗೆ ಅಷ್ಟೇ ಉಕ್ಕಿನಲ್ಲಿ ಎರಡರಷ್ಟು ಬಂದೂಕು ಹೊರಗೆ ಹಾಕುತ್ತದೆ. ನಡುವೆ ಆಸೆಗೆ ಬಿದ್ದು, ರೈಫಲ್ ಸಾಕು, ಇನ್ನು ಟ್ಯಾಂಕು ಮಾಡು ಎಂದರೆ ಪಳಗಿದ ಕೈ ಹೋಗುತ್ತದೆ, ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಇದು ನನಗೆ ಬಹಳ ಸರಿ ಎನಿಸಿತು. ನಾನು ಒಂದು ಕಾರ್ಖಾನೆಗೆ ಒಂದು ಕೆಲಸ ಹಚ್ಚಿದರೆ ಮತ್ತೆ ಅದನ್ನು ಕದಲಿಸುತ್ತಿರಲಿಲ್ಲ. ಬಂದೂಕು ಹಳೆಯ ಮಾದರಿಯದಾದರೂ ಆಗಲಿ, ಗೋದಾಮು ತುಂಬಿರಬೇಕು.

ನಮ್ಮಿಬ್ಬರಿಗೆ ಒಂದು ಮಾತಿನ ರೂಢಿಯೂ ಬೆಳೆಯಿತು. ಟ್ಯಾಂಕಿಗೆ ಎಮ್ಮಿ, ವಿಮಾನಕ್ಕೆ ಮಿಡತಿ, ಸಾಮಾನು ಸಾಗಿಸುವ ಟ್ರಕ್ಕಿಗೆ ಟೆಂಪೋ. ಈ ಹೆಸರುಗಳನ್ನು ಇವರೇ ನನಗೆ ಕಲಿಸಿದರು. ಊಟದ ಹೊತ್ತಿನಲ್ಲಿ ಇವರು ಎದುರಿನವರ ಎಮ್ಮಿಗಳೆಲ್ಲ ಹೊಳೆಯ ದಂಡೆಯಲ್ಲಿ ಸತ್ತುಬಿದ್ದವೆಂದು ಹೇಳಿದರೆ ನಮ್ಮ ಅತ್ತೆ ಯಾರ ಮನೆಯವು, ಏನು ರೋಗ ಬಂತು ಅಂತ ಕಳವಳದಿಂದ ಕೇಳುತ್ತಿದ್ದರು. ನಾವಿಬ್ಬರೂ ತಲೆ ತಗ್ಗಿಸಿ ನಗು ನುಂಗುತ್ತಿದ್ದೆವು. ಗಂಡಹೆಂಡಿರ ನಡುವೆ ಬೇರೆಯವರಿಗೆ ತಿಳಿಯದ ಒಂದು ಭಾಷೆ ಇದೆಯೆಂದು ನನಗೆ ಒಳಗೊಳಗೇ ಹೆಮ್ಮೆ.

ಇವರಿಗೆ ಪೋಲಂಡಿನ ಮೇಲೆ ಯಾಕೋ ಮಮತೆ. ಎರಡು ದೊಡ್ಡ ದೇಶಗಳ ನಡುವೆ ಸಿಕ್ಕ ದೇಶ. ಆಟ ಶುರುವಾಗಿ ಕೆಲವು ವರ್ಷಕ್ಕೆ ಪಶ್ಚಿಮದಿಂದ ದಾಳಿ ಬಂದೇ ಬರುತ್ತದೆ, ನಾವು ಬೀಳುತ್ತೇವೆ. ಎಷ್ಟೋ ಸಲ ಬಿದ್ದೆವು. ಒಂದು ಮಳೆಗಾಲದಲ್ಲಿ, ಈ ಸಲ ಟ್ಯಾಂಕೂ ಬೇಡ ವಿಮಾನವೂ ಬೇಡ, ಇದ್ದಬದ್ದ ಕಾರ್ಖಾನೆಗಳೆಲ್ಲ ಮೊದಲ ದಿನದಿಂದ ರೈಫಲ್ಲು ಮತ್ತು ತೋಪನ್ನಷ್ಟೇ ಮಾಡಲಿ ಅಂತ ನಾನು ಹಟ ಹಿಡಿದೆ. ಇವರು ಬೇಸರಪಟ್ಟುಕೊಂಡರು, ಎಮ್ಮಿಗಳಿಲ್ಲದೆ ಯುದ್ಧವೆಂದರೆ ಏನು ಮಜಾ ಎಂದರು. ನಾನು ಬಗ್ಗಲಿಲ್ಲ. ದಾಳಿ ಬಂತು. ನಮ್ಮವರು ಹೊಳೆಯ ಈಚೆ ದಂಡೆಯಲ್ಲಿ ಕಂದಕ ತೋಡಿ ಕೂತರು. ಒಬ್ಬನ ಕೈಯಲ್ಲೂ ಬಂದೂಕಿಗೆ ಕೊರತೆ ಇರಲಿಲ್ಲ. ಹಿಮ ಬೀಳುವ ತನಕ ಗಡಿ ನಿಂತಿತು, ಹಿಮ ಕರಗಿದ ಮೇಲೂ ನಿಂತಿತು, ರಾಜಧಾನಿ ಉಳಿಯಿತು. ಇವರು ಕುರ್ಚಿಯಿಂದ ಎದ್ದು ನನ್ನ ಬಲಗೈ ಹಿಡಿದು, "ಏನ್ ಕೈ ಅದ ನೋಡ ನಿಂದು" ಅಂದರು. ಲಗ್ನದಲ್ಲಿ ಹಿಡಿದದ್ದಕ್ಕಿಂತ ಗಟ್ಟಿಯಾಗಿ ಹಿಡಿದಿದ್ದರು. ಮರುದಿನ ಸೋಲಾಪುರದಲ್ಲಿದ್ದ ತಂಗಿಗೆ ಫೋನು ಮಾಡಿ ಪೋಲಂಡು ಉಳಿದ ಸುದ್ದಿ ಹೇಳಿದ್ದೂ ನನಗೆ ಕೇಳಿಸಿತ್ತು.

ಆ ತಂಗಿ ಬಂದಳು. ನನ್ನ ಲಗ್ನಕ್ಕಿಂತ ಮೊದಲೇ ಅವಳನ್ನು ಸೋಲಾಪುರದ ದೊಡ್ಡ ಮನೆತನಕ್ಕೆ ಕೊಟ್ಟಿದ್ದರು. ಹಬ್ಬಕ್ಕೆ ಬಂದರೆ ಗಂಡನ ಜೊತೆ ಬಂದು ಗಂಡನ ಜೊತೆ ಹೋಗುವವಳು, ಕಂಪ್ಯೂಟರಿನ ಕೋಣೆಯ ಕಡೆ ಹಣಿಕಿ ಹಾಕಲೂ ಅವಳಿಗೆ ಪುರುಸೊತ್ತಿರುತ್ತಿರಲಿಲ್ಲ. ಈಗ ಏಳನೆಯ ತಿಂಗಳಲ್ಲಿ ಅಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ ಕಳಿಸಿದ್ದರು. ಅತ್ತೆ ಅವಳ ದೃಷ್ಟಿ ತೆಗೆದರು. ನಾನು ಶೇಂಗಾ ಹೋಳಿಗೆ ಮಾಡಿದ್ದೆ. ಅವಳು ನಕ್ಕು ನಕ್ಕು ತಿಂದಳು. ಒಳ್ಳೆಯ ಹುಡುಗಿ, ಯಾರ ಬಗ್ಗೆಯೂ ಬೇಡದ ಮಾತಾಡುವವಳಲ್ಲ.

ಸಂಜೆ ಇವರು ಅಂಗಡಿ ಮುಚ್ಚಿ ಬಂದು ಕಂಪ್ಯೂಟರು ಹಚ್ಚಿದರು. ಪೋಲಂಡು ಉಳಿದ ಆ ಆಟವೇ ಇನ್ನೂ ಮುಂದುವರಿದಿತ್ತು. ನಾನು ಅಡಿಗೆಮನೆಯಲ್ಲಿ ಕೊನೆಯ ರೊಟ್ಟಿ ಬೇಯಿಸಿ ಕೈ ತೊಳೆದು ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಅವಳು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಕೈ ಆಗಲೇ ಮೌಸಿನ ಮೇಲಿತ್ತು.

"ವೈನಿ, ಇವು ಇನ್ನೂ ಹಳೇ ರೈಫಲ್ಲ ಯಾಕ ಮಾಡಾಕತ್ತಾವ್ರಿ? ಹೊಸಾದು ಬಂದು ಎಷ್ಟ ದಿವಸ ಆತು" ಅಂದಳು.

ಕೈ ಪಳಗಿದೆ, ಬದಲಿಸಿದರೆ ನಷ್ಟ ಎಂದು ನಾನು ವಿವರಿಸಿದೆ. ಅವಳು ಸಮಾಧಾನದಿಂದ ಕೇಳಿ, ಅದೆಲ್ಲ ತನಗೆ ಗೊತ್ತೆಂಬಂತೆ ತಲೆಯಾಡಿಸಿದಳು. ಆಮೇಲೆ ಒಂದೊಂದಾಗಿ ನನ್ನ ಕಾರ್ಖಾನೆಗಳನ್ನು ಒತ್ತಿ ಒತ್ತಿ ಹೊಸ ಟ್ಯಾಂಕಿಗೆ ಹಚ್ಚಿದಳು. ವರ್ಷಗಟ್ಟಲೆ ಪಳಗಿಸಿದ ಕೈಗಳು ನನ್ನ ಕಣ್ಣೆದುರಿಗೇ ಸೊನ್ನೆಗೆ ಬಂದವು. ನಾನು ಗಂಡನ ಮುಖ ನೋಡಿದೆ. ಇವರ ಮುಖದ ತುಂಬ ಖುಷಿ.

"ಎಮ್ಮಿ ಬರ್ತಾವೇನ?" ಅಂತ ಇವರು ಕೇಳಿದರು.

"ನಾ ಬಂದ ಮ್ಯಾಲ ಎಮ್ಮಿ ಬರದಽ ಇರ್ತಾವೇನ? ನಾನಽ ಹೆಸರ ಇಟ್ಟ ಎಮ್ಮಿ" ಅಂದಳು ಅವಳು.

ಅವಳಿಗೆ ಅದು ಏನೂ ಅಲ್ಲದ ಮಾತು. ನನಗೆ ಹಾಗಿರಲಿಲ್ಲ. ಆಮೇಲೆ ಅಣ್ಣತಂಗಿ ಮಾತಾಡುತ್ತ ಹೋದಂತೆ ಎಲ್ಲ ಹೊರಗೆ ಬಂತು. ಇವರು ಕಾಲೇಜಿನಲ್ಲಿದ್ದಾಗ, ಅವಳು ಇನ್ನೂ ಶಾಲೆಯ ಹುಡುಗಿಯಾಗಿದ್ದಾಗ, ಟ್ಯಾಂಕಿನ ಚಿತ್ರ ನೋಡಿ ಇದು ನಮ್ಮ ಮಾವನ ಮನೆಯ ಎಮ್ಮಿಯ ಹಾಗೆ ನಡೆಯುತ್ತದೆ ಅಂದಿದ್ದಳಂತೆ. ಮಿಡತಿಯೂ ಅವಳದೇ, ಟೆಂಪೋವೂ ಅವಳದೇ. ನಾನು ಗುಟ್ಟಿನ ಭಾಷೆಯೆಂದು ಇಷ್ಟು ವರ್ಷ ಆಡಿದ್ದು ಇನ್ನೊಬ್ಬಳು ಬಿಟ್ಟುಹೋದ ಮಾತುಗಳನ್ನು. ಆ ದಿನದಿಂದ ನನ್ನ ಬಾಯಿಗೆ ಎಮ್ಮಿ ಎಂಬ ಶಬ್ದ ಬರಲಿಲ್ಲ. ಗೌಳಿಗ ಹಾಲು ತಂದು ಯಾವುದು ಬೇಕೆಂದರೂ "ದಪ್ಪನ ಹಾಲು ಕೊಡ್ರಿ" ಅನ್ನುತ್ತಿದ್ದೆ.

ದಿನಾ ಸಂಜೆ ಹೀಗೇ ಆಯಿತು. ನಾನು ಬೆಳ್ಳುಳ್ಳಿ ಸುಲಿಯುತ್ತ ಹೊಸ್ತಿಲಲ್ಲಿ ಕೂತು ಅವರ ಬೆನ್ನುಗಳನ್ನು ನೋಡುತ್ತಿದ್ದೆ. ಅವಳು ಕೇಳುವ ಮೊದಲೇ ಇವರು ಉಕ್ಕು ಎಷ್ಟಿದೆ ಹೇಳುತ್ತಿದ್ದರು. ಇವರು ಹೇಳುವ ಮೊದಲೇ ಅವಳು ಯಾವ ಗಡಿಗೆ ಏನು ಬೇಕೆಂದು ತಿಳಿಯುತ್ತಿದ್ದಳು. ನನ್ನ ಜೊತೆ ಆಡುವಾಗ ಇವರು ಹೀಗೆ ಮೈಮರೆತು ಆಡಿದ್ದನ್ನು ನಾನು ನೆನಪು ಮಾಡಿಕೊಳ್ಳಲು ನೋಡಿದೆ, ಸಿಗಲಿಲ್ಲ.

ಅವಳಿಗೆ ಮಾಡಿ ಹಾಕುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ, ಹೆಚ್ಚೇ ಮಾಡಿದೆ. ಬಸುರಿ ಹೊಟ್ಟೆ ತುಂಬ ಉಂಡರೆ ಕಣ್ಣಿಗೆ ನಿದ್ದೆ ಎಳೆದು ಮಲಗುತ್ತಾಳೆ ಎಂಬ ಲೆಕ್ಕ ನನ್ನದು. ತುಪ್ಪ ಸುರಿದು ಮಾದ್ಲಿ ಮಾಡಿದೆ, ಎಣ್ಣೆಗಾಯಿ ಮಾಡಿದೆ. ಅವಳು ಎಲ್ಲ ಉಂಡು, ಚಲೋ ಆಗಿದೆಯೆಂದು ಮನಸಾರೆ ಹೊಗಳಿ, ಕೈ ತೊಳೆದು ನೇರ ಕುರ್ಚಿಗೆ ಹೋಗುತ್ತಿದ್ದಳು. ಅವಳ ಕೆಟ್ಟತನ ಒಂದಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎಲ್ಲಕ್ಕಿಂತ ಉರಿದದ್ದೆಂದರೆ, ಅವಳ ಟ್ಯಾಂಕುಗಳು ಗೆದ್ದವು. ಕೆಲವು ವಾರ ಕೈ ಕಲಿಯುತ್ತ ತಡವರಿಸಿದ ಕಾರ್ಖಾನೆಗಳು ಆಮೇಲೆ ಒಂದರ ಹಿಂದೊಂದು ಹೊಸ ಟ್ಯಾಂಕು ಬಿಡತೊಡಗಿದವು. ನಾನು ಕಾದು ಉಳಿಸಿದ್ದ ಹೊಳೆಯನ್ನು ಅವು ದಾಟಿದವು. ಎದುರಿನವರ ಒಂದು ಪಟ್ಟಣ ಬಿತ್ತು, ಇನ್ನೊಂದು ಬಿತ್ತು. ಇವರು ಮೇಜು ಬಡಿದು ಅವಳಿಗೆ, "ಏನ್ ಕೈ ಅದ ನೋಡ ನಿಂದು" ಅಂದರು. ಅದೇ ಮಾತು, ಅದೇ ದನಿ. ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳು ಜಜ್ಜಿಹೋಗಿತ್ತು.

ನನ್ನ ಮುಖ ಸಪ್ಪಗಾದದ್ದು ಅತ್ತೆಯ ಕಣ್ಣಿಗೆ ಬಿತ್ತು. ನಮಗೆ ಒಬ್ಬಳೇ ಮಗಳು, ಆಗ ಬಾಲವಾಡಿಗೆ ಹೋಗುತ್ತಿದ್ದಳು. ನಾದಿನಿಗೆ ಗಂಡು ಹುಟ್ಟಿದರೆ ನನ್ನ ಮಗಳ ಮೇಲಿನ ಪ್ರೀತಿ ಕಡಿಮೆಯಾದೀತೆಂದು ನಾನು ಚಿಂತಿಸುತ್ತಿದ್ದೇನೆಂದು ಅವರು ತಿಳಿದರು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂಡಿಸಿಕೊಂಡು ತಲೆ ನೇವರಿಸಿ, "ಮನಸಿಗೆ ಹಚ್ಕೋಬ್ಯಾಡವ್ವಾ. ಗಂಡಾಗ್ಲಿ ಹೆಣ್ಣಾಗ್ಲಿ, ನಮ್ಮನಿ ಮೊದಲನೇ ಕೂಸು ನಿಂದ" ಅಂದರು. ಅತ್ತೀ, ನನಗೆ ಕೂಸಿನ ಚಿಂತೆಯಲ್ಲ, ರೈಫಲ್ ಕಾರ್ಖಾನೆಯ ಚಿಂತೆ ಎಂದು ಹೇಗೆ ಹೇಳುವುದು? ಅವರ ಸೆರಗು ಹಿಡಿದು ಅತ್ತುಬಿಟ್ಟೆ. ಅವರಿಗೂ ಕಣ್ಣಲ್ಲಿ ನೀರು ಬಂತು.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು. ನನಗೆ ನಿಜವಾಗಿಯೂ ಸಂತೋಷವಾಯಿತು, ಅದರ ಹಿಂದೆಯೇ ಇನ್ನೊಂದು ಸಂತೋಷವೂ ಬಂತು. ನಮ್ಮಲ್ಲಿ ಬಾಣಂತಿ ಒಂದೂವರೆ ತಿಂಗಳು ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ಕಣ್ಣಿಗೆ ತ್ರಾಸಾಗುತ್ತದೆಂದು ಅತ್ತೆ ಅವಳಿಗೆ ಮೊಬೈಲನ್ನೂ ಕೊಡುತ್ತಿರಲಿಲ್ಲ, ಇನ್ನು ಕಂಪ್ಯೂಟರಿನ ಮಾತೆಲ್ಲಿ. ತಲೆಗೆ ಬಟ್ಟೆ ಕಟ್ಟಿಸಿ, ಕಿವಿಗೆ ಹತ್ತಿ ತುರುಕಿ, ಮಂಚದ ಕೆಳಗೆ ಕೆಂಡ ಇಟ್ಟು ಹೊಗೆಗೆಂದು ಅದರ ಮೇಲೆ ಅಜಿವಾನದ ಕಾಳು ಉದುರಿಸುತ್ತಿದ್ದರು. ಸಂಜೆ ನಾನು ಸೀರೆಯ ನೆರಿಗೆ ಸರಿ ಮಾಡಿಕೊಂಡು ನನ್ನ ಕುರ್ಚಿಯಲ್ಲಿ ಕೂತೆ.

ಇವರು ನನ್ನ ಕಡೆ ನೋಡಿ, "ಈಗ ಏನ ಮಾಡಿಸಬೇಕು, ಹೋಗಿ ಆಕಿನ್ನ ಕೇಳಿ ಬಾ" ಅಂದರು.

ಕೇಳಿ ಬರಲು ಹೋದೆ. ಬೇರೆ ದಾರಿ ಇರಲಿಲ್ಲ. ಅಳ್ವಿ ಬೀಜದ ಪಾಯಸದ ಬಟ್ಟಲು ಕೈಯಲ್ಲಿ ಹಿಡಿದು ಬಾಣಂತಿಯ ಕೋಣೆಗೆ ಹೋಗುವುದು, ರಬ್ಬರು ಇಷ್ಟು ಉಳಿದಿದೆ, ಉಕ್ಕು ಇಷ್ಟು ಬಂದಿದೆ ಎಂದು ವರದಿ ಒಪ್ಪಿಸುವುದು, ಅವಳು ಕೂಸಿಗೆ ಹಾಲು ಕುಡಿಸುತ್ತ ಕಣ್ಣು ಮುಚ್ಚಿ ಯೋಚಿಸಿ, ಇನ್ನೆರಡು ಕಾರ್ಖಾನೆ ಟ್ಯಾಂಕಿಗೆ ಹಚ್ಚಿರಿ ಅನ್ನುವುದು, ನಾನು ಬಂದು ಒತ್ತುವುದು. ಕುರ್ಚಿ ನನಗೆ ಬಂತು, ಅಧಿಕಾರ ಕೋಣೆಯಲ್ಲೇ ಉಳಿಯಿತು. ಕಾರಕೂನಳ ಹಾಗೆ ಓಡಾಡಿದೆ.

ಆದರೆ ಪರದೆ ನೋಡುತ್ತಿದ್ದವಳು ನಾನು. ಟ್ಯಾಂಕುಗಳು ಗಡಿ ಬಿಟ್ಟು ಬಹಳ ಮುಂದೆ ಹೋಗಿದ್ದವು. ಅಷ್ಟು ದೂರಕ್ಕೆ ಎಣ್ಣೆ, ಗುಂಡು ಮುಟ್ಟಿಸಲು ಟ್ರಕ್ಕುಗಳಿರಲಿಲ್ಲ. ಒಂದೊಂದು ದಳದ ಗುರುತಿನ ಕೆಳಗೂ ಕೆಂಪು ಗೆರೆ ಬರುತ್ತಿತ್ತು. ಇನ್ನಷ್ಟು ಟ್ಯಾಂಕು ಮಾಡಿದರೆ ದಾರಿಯಲ್ಲಿ ನಿಂತ ಟ್ಯಾಂಕುಗಳ ಸಾಲು ಉದ್ದವಾಗುತ್ತಿತ್ತೇ ಹೊರತು ಒಂದೂ ಮುಂದೆ ಹೋಗುವಂತಿರಲಿಲ್ಲ. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳು ಇನ್ನೆರಡು ಟ್ಯಾಂಕಿಗೆ ಅಂದ ದಿನ ನಾನು ಬಂದು, ಟ್ಯಾಂಕು ಮಾಡುತ್ತಿದ್ದ ಕಾರ್ಖಾನೆಗಳಲ್ಲೇ ಒಂದಿಷ್ಟನ್ನು ಬಿಡಿಸಿ ಟ್ರಕ್ಕಿಗೆ ಹಚ್ಚಿದೆ. ಕೈ ಪಳಗಿದ್ದನ್ನು ಕೆಡಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕೆಲವು ದಿನದ ಮೇಲೆ ಟ್ರಕ್ಕುಗಳು ಹೊರಗೆ ಬಂದವು. ಕೆಂಪು ಗೆರೆಗಳು ಒಂದೊಂದೇ ಅಳಿಸಿಹೋದವು, ನಿಂತಿದ್ದ ಸೈನ್ಯ ಕದಲಿತು. ಇವರು ಎಗರಿ ಎದ್ದು, ನನ್ನ ಕಡೆ ತಿರುಗಿಯೂ ನೋಡದೆ ಬಾಣಂತಿಯ ಕೋಣೆಯ ಬಾಗಿಲಿಗೆ ಹೋದರು. ನಾನೂ ಹಿಂದೆ ಹೋದೆ.

"ಟೆಂಪೋ ಮಾಡಿಸಿದ್ದು ಭಾಳ ಚಲೋ ಆತ ನೋಡ. ಕೋಣ್ಯಾಗ ಕುಂತು ಹೆಂಗ ತಿಳೀತ ನಿನಗ?" ಅಂತ ತಂಗಿಯನ್ನು ಹೊಗಳಿದರು.

ಅವಳು ತೊಟ್ಟಿಲ ಹಗ್ಗ ಹಿಡಿದವಳು ಹಾಗೇ ನೋಡಿದಳು. ತಾನು ಟೆಂಪೋ ಹೇಳಿಲ್ಲವೆಂದಳು.

ಅವಳು ಮಾಡಿದ್ದಕ್ಕೆ ಅವಳು ಹೊಗಳಿಸಿಕೊಂಡದ್ದನ್ನು ಇಷ್ಟು ದಿನ ತಡೆದುಕೊಂಡಿದ್ದೆ. ನಾನು ಮಾಡಿದ್ದಕ್ಕೂ ಅವಳೇ ಹೊಗಳಿಸಿಕೊಳ್ಳುವುದನ್ನು ತಡೆಯಲಾಗಲಿಲ್ಲ. "ಅವು ನನ್ನ ಟ್ರಕ್. ಯಾರೂ ಹೇಳಿಲ್ಲ. ನಾನಽ ಮಾಡೀನಿ" ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಏರಿತ್ತು. ಕೂಸು ಬೆಚ್ಚಿ ಅಳತೊಡಗಿತು. ಇವರು ನನ್ನನ್ನೊಮ್ಮೆ ತಂಗಿಯನ್ನೊಮ್ಮೆ ನೋಡಿ, ಏನೂ ತಿಳಿಯದೆ, ಕೆಳಗೆ ಅಂಗಡಿಯಲ್ಲಿ ಏನೋ ಕೆಲಸವಿದೆಯೆಂದು ಇಳಿದುಹೋದರು. ಮುಚ್ಚಿದ ಅಂಗಡಿಯಲ್ಲಿ ಏನು ಕೆಲಸವೋ.

ನಾನು ಕೂಸನ್ನು ಎತ್ತಿಕೊಂಡು ಹೆಗಲಿಗೆ ಹಾಕಿ ತಟ್ಟಿದೆ. ಅದು ಸುಮ್ಮನಾದ ಮೇಲೆ ನಾದಿನಿ ಮಾತಾಡಿದಳು.

"ವೈನಿ, ಪೋಲಂಡ್ ಉಳಿಸಿದ್ದು ಖರೇನ ನೀವಽ ಏನ್ರಿ?"

ಹೌದೆಂದೆ.

"ನಾನೂ ಅಣ್ಣನೂ ಎಷ್ಟ ವರ್ಷ ಆಡೀವ್ರಿ. ಒಮ್ಮಿನೂ ಉಳೀಲಿಲ್ಲ. ಅಣ್ಣ ಫೋನ ಮಾಡಿ ಹೇಳಿದ ದಿವಸ ನಾ ಊಟಾ ಮಾಡಲಿಲ್ಲ. ನಮ್ಮತ್ತಿಯವ್ರು ಆರಾಮಿಲ್ಲೇನ ಅಂತ ಕೇಳಿದ್ರು. ಅವರಿಗೆ ಏನಂತ ಹೇಳ್ಲಿರಿ?" ಅಂದಳು. ಆಮೇಲೆ ಇನ್ನೂ ಹೇಳಿದಳು. ಆ ದೊಡ್ಡ ಮನೆಯಲ್ಲಿ ಇವಳಿಗೆ ಇಂಥದ್ದೊಂದು ಬರುತ್ತದೆಂದು ಯಾರಿಗೂ ಗೊತ್ತಿಲ್ಲವಂತೆ. ತವರಿಗೆ ಫೋನು ಮಾಡಿದಾಗಲೆಲ್ಲ ಅಣ್ಣ ನನ್ನ ತೋಪು, ನನ್ನ ರೈಫಲ್ಲಿನ ಕಥೆಯನ್ನೇ ಹೇಳುತ್ತಿದ್ದನಂತೆ. ಬಸುರಾಗಿ ತವರಿಗೆ ಹೋಗುವುದು ಗಟ್ಟಿಯಾದಾಗ ಎಲ್ಲರಿಗೂ ತಾಯಿಯ ಕೈ ಊಟ ನೆನಪಾದರೆ ಅವಳಿಗೆ ಮೊದಲು ನೆನಪಾದದ್ದು ಈ ಕುರ್ಚಿಯಂತೆ.

ಇದನ್ನು ಕೇಳಿ ನನಗೆ ಮರುಕ ಬರಬೇಕಿತ್ತು. ಬಂದದ್ದು ಆನಂದ. ಸೋಲಾಪುರದಲ್ಲಿ ಒಬ್ಬಳು ನನ್ನ ಹೆಸರಿಗೆ ಊಟ ಬಿಟ್ಟಿದ್ದಳೆಂದು ತಿಳಿದು ಇಷ್ಟು ದಿನದ ಉರಿಯ ಮೇಲೆ ತಣ್ಣೀರು ಹೊಯ್ದಂತಾಯಿತು. ನಾನೂ ಎಮ್ಮಿಯ ಮಾತನ್ನು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಗುಟ್ಟೊಂದು ನನ್ನ ಹತ್ತಿರ ಇರಲಿ, ನನ್ನದು ಅವಳ ಹತ್ತಿರ ಹೋಗುವುದು ಬೇಡ ಅನ್ನಿಸಿತು. ಕೆಂಡದ ಮೇಲೆ ಇನ್ನೊಂದಿಷ್ಟು ಅಜಿವಾನ ಉದುರಿಸಿ, ಕೂಸನ್ನು ತೊಟ್ಟಿಲಿಗೆ ಹಾಕಿ ಹೊರಗೆ ಬಂದೆ.

ಅಂದಿನಿಂದ ಅವಳು ಕೋಣೆಯಿಂದ ಹುಕುಂ ಕಳಿಸುವುದನ್ನು ಬಿಟ್ಟಳು. ಆದರೆ ನಾನು ಪಾಯಸ ತೆಗೆದುಕೊಂಡು ಹೋದಾಗ ಏನೇನಾಯಿತೆಂದು ಕೇಳದೆ ಬಿಡುತ್ತಿರಲಿಲ್ಲ. ನಾನು ಹೇಳುತ್ತಿದ್ದೆ. ಚೆನ್ನಾಗಿ ಆದದ್ದನ್ನು ತುಸು ಹೆಚ್ಚಾಗಿಯೇ ಹೇಳುತ್ತಿದ್ದೆ.

ಕೂಸಿಗೆ ಐದು ತಿಂಗಳು ತುಂಬಿದಾಗ ಅವಳನ್ನು ಕರೆದೊಯ್ಯಲು ಸೋಲಾಪುರದಿಂದ ಬಂದರು. ತೊಟ್ಟಿಲು, ಬಟ್ಟೆ, ಉಂಡಿಯ ಡಬ್ಬಿಗಳನ್ನೆಲ್ಲ ಗಾಡಿಗೆ ಏರಿಸಿದೆವು. ಅವಳು ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಾಲಿಗೂ ಬಾಗಿದಳು. ನನಗೂ ಅಳು ಬಂತು. ಬೇರೆ ಹೆಂಗಸರು ಅತ್ತದ್ದಕ್ಕೆ ಅತ್ತೆನೋ, ಇನ್ನೇನಕ್ಕೋ, ನನಗೇ ತಿಳಿಯಲಿಲ್ಲ. ಗಾಡಿ ಓಣಿ ದಾಟಿದ ಕೂಡಲೇ ಮೇಲೆ ಹೋಗಿ ಕಂಪ್ಯೂಟರಿನ ಧೂಳು ಒರೆಸಿದೆ.

ಇಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳ ಫೋನು ಬಂತು. ಅಣ್ಣನಿಗಲ್ಲ, ನನಗೆ. ಗಂಡನ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಸಿಕೊಂಡಿದ್ದಾಳೆ, ಕೂಸು ಮಲಗಿದಾಗ ಆಡುತ್ತಾಳೆ, ರುಮೇನಿಯಾ ದೇಶ. ಟ್ರಕ್ಕಿಗೆ ಎಷ್ಟು ಕಾರ್ಖಾನೆ ಇಟ್ಟರೆ ಸಾಕೆಂದು ನನ್ನನ್ನು ಕೇಳಿದಳು. ನಾನು ದೊಡ್ಡಸ್ತಿಕೆಯಿಂದ ಹೇಳಿಕೊಟ್ಟೆ. ಕೊನೆಗೆ, ಸೈನ್ಯವನ್ನು ಯಾರು ನಡೆಸುತ್ತಾರೆ, ನಿನ್ನ ಗಂಡನೋ ಎಂದು ಕೇಳಿದೆ.

"ಅವರಿಗೆಲ್ಲಿ ಬರ್ತದ್ರಿ? ನಾನಽ ನಡಸ್ತೀನಿ. ಎರಡೂ ನಾನಽ" ಅಂದಳು.

ಫೋನು ಇಟ್ಟು ನಾನು ರಾತ್ರಿಯ ರೊಟ್ಟಿಗೆ ಹಿಟ್ಟು ನಾದತೊಡಗಿದೆ. ಎರಡೂ ತಾನೇ. ನಾನು ಇಷ್ಟು ವರ್ಷದಲ್ಲಿ ಒಂದು ದಳವನ್ನೂ ಒಂದು ಹಳ್ಳದಾಚೆ ನಡೆಸಿದವಳಲ್ಲ. ನಾನು ಮಾಡಿದ ಬಂದೂಕು ಎಲ್ಲಿಗೆ ಹೋಗಬೇಕೆಂದು ಯಾವತ್ತೂ ಇವರೇ ಹೇಳಿದವರು. ಇದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳಿಗೆ ಸಿಕ್ಕ ಮೇಲೆ ಹೊಳೆಯಿತು.

ಆ ಸಂಜೆ ಇವರು ಕೂಡುವ ಮೊದಲೇ ನಾನು ಇವರ ಜಾಗದಲ್ಲಿ ಕೂತೆ. "ಇವತ್ತ ಸೈನ್ಯ ನನಗ ಕೊಡ್ರಿ. ಕಾರಖಾನಿ ನೀವು ನೋಡ್ರಿ" ಅಂದೆ. ಇವರು ನಕ್ಕರು, ನಾನು ನಗಲಿಲ್ಲವೆಂದು ಗೊತ್ತಾದ ಮೇಲೆ ಪಕ್ಕದ ಕುರ್ಚಿಯಲ್ಲಿ ಕೂತರು.

ಆ ಆಟ ಕೆಟ್ಟದಾಗಿ ಹೋಯಿತು. ಇವರಿಗೆ ಒಂದು ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಇಂದು ರೈಫಲ್ಲಿಗೆ ಹಚ್ಚಿದ್ದನ್ನು ನಾಳೆ ವಿಮಾನಕ್ಕೆ ಹಚ್ಚುತ್ತಿದ್ದರು, ನಾಡಿದ್ದು ಹಡಗಿಗೆ. ಯಾವ ಕಾರ್ಖಾನೆಯ ಕೈಯೂ ಪಳಗಲಿಲ್ಲ. ನನಗೋ ಗಡಿಯಲ್ಲಿ ನಿಲ್ಲಿಸಲು ಜನ ಇದ್ದಾರೆ, ಅವರ ಕೈಯಲ್ಲಿ ಬಂದೂಕಿಲ್ಲ. ರೈಫಲ್ ಎಲ್ಲಿ ಎಂದು ಕೇಳಿದರೆ ಬರುತ್ತವೆ ಬರುತ್ತವೆ ಅನ್ನುತ್ತಿದ್ದರು. ಗಿರಾಕಿಗೆ ಪೈಪು ಬಂದಿಲ್ಲವೆಂದು ಹೇಳುವ ಅದೇ ದನಿಯಲ್ಲಿ. ಸೈನ್ಯ ನಡೆಸುವವರಿಗೆ ಕಾರ್ಖಾನೆಯವರು ಯಾವಾಗಲೂ ಜುಗ್ಗರಾಗಿ ಕಾಣುತ್ತಾರೆಂದು ನನಗೆ ಆಗ ತಿಳಿಯಿತು. ಹಿಂದೆ ಎಷ್ಟೋ ಸಲ ಇವರು ನನ್ನ ಮೇಲೆ ಸಿಡುಕಿದ್ದು ಯಾಕೆಂದೂ ತಿಳಿಯಿತು. ನಮ್ಮ ಒಂದೇ ಒಂದು ಬಂದರು ಹೋಯಿತು, ಆಮೇಲೆ ರಾಜಧಾನಿ. ಸೋತೆವು. ಆದರೂ ಒಂದು ಕಡೆ, ಸುತ್ತುವರಿದಿದ್ದ ನಮ್ಮ ಮೂರು ದಳಗಳನ್ನು ಅಡವಿಯ ಅಂಚಿನಿಂದ ಹೊರಗೆ ಎಳೆದು ತಂದೆ. ಯಾರೂ ಹೇಳಿಕೊಡದೆ ತಂದೆ. ಅದನ್ನು ಯೋಚಿಸಿ ಮರುದಿನವೆಲ್ಲ ಅಡಿಗೆ ಮಾಡುತ್ತ ನಗುತ್ತಿದ್ದೆ.

ಈಗ ವಾರಕ್ಕೊಮ್ಮೆ ಜಾಗ ಬದಲಿಸುತ್ತೇವೆ. ಇವರು ಕಾರ್ಖಾನೆಯನ್ನು ಇನ್ನೂ ಕಲಿತಿಲ್ಲ, ಕಲಿಯುವ ಲಕ್ಷಣವೂ ಇಲ್ಲ. ನಾನು ಸೈನ್ಯದಲ್ಲಿ ಸ್ವಲ್ಪ ಸುಧಾರಿಸಿದ್ದೇನೆ.

ಮೊನ್ನೆ ಮಧ್ಯಾಹ್ನ ಇವರು ಊಟಕ್ಕೆ ಮೇಲೆ ಬಂದಿದ್ದರು. ನನ್ನ ಮೊಬೈಲಿಗೆ ನಾದಿನಿಯ ಫೋಟೋ ಬಂತು. ಅವಳ ಲ್ಯಾಪ್‌ಟಾಪಿನ ಪರದೆಯದು. ರುಮೇನಿಯಾದ ಸೈನ್ಯ ಒಂದು ದೊಡ್ಡ ನದಿ ದಾಟಿ ಆಚೆ ದಂಡೆಯ ಪಟ್ಟಣಕ್ಕೆ ಹೋಗಿತ್ತು. ಮೂಲೆಯಲ್ಲಿ, ಕೀಲಿಮಣೆಯ ಮೇಲೆ ಇಟ್ಟ ಕೂಸಿನ ಒಂದು ಪುಟ್ಟ ಪಾದ ಕಾಣುತ್ತಿತ್ತು. ನಾನು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಮೇಲಿನ ಸಾಲಿಗೆ ಹೋದೆ. ಅವಳ ಗೋದಾಮಿನಲ್ಲಿ ಎಷ್ಟು ರೈಫಲ್ಲಿದೆ ಎಂದು ಅಲ್ಲಿ ಬರೆದಿರುತ್ತದೆ. ನನ್ನದಕ್ಕಿಂತ ಹೆಚ್ಚಿತ್ತು.

"ಯಾರದು? ಏನದು?" ಅಂದರು ಇವರು.

"ಕೂಸಿನ ಫೋಟೋ" ಅಂದೆ. ಮೊಬೈಲು ಬೋರಲು ಹಾಕಿ ಇವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.